ನಾಲ್ಕು ವರ್ಷ ಏಳು ತಿಂಗಳ ಸೊನ್ನೆ

ನಮ್ಮ ಭಾವ ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ನಾಲ್ಕು ವರ್ಷ ಏಳು ತಿಂಗಳು ಲೆಕ್ಕ ಬರೆದು ಮೊನ್ನೆ ರಾಜೀನಾಮೆ ಕೊಟ್ಟರು. ಕುಮಟೆಯಲ್ಲಿ ಮನೆ ಹತ್ತಿರವೇ ಕೆಲಸ ಸಿಕ್ಕಿತ್ತು, ವಾರವಾರ ದೇವಿಮನೆ ಘಟ್ಟ ಹತ್ತಿಳಿಯುವುದು ತಪ್ಪುತ್ತಿತ್ತು. ಅಡಿಕೆಯ ಬಗೆಗಳಾದ ಕೆಂಪುಗೋಟಿಗೂ ಬಿಳಿಗೋಟಿಗೂ ಒಂದು ತೊಲೆ ಹೆಚ್ಚುಕಡಿಮೆಯಾಗದಂತೆ ಬರೆದ ಮನುಷ್ಯ ತನ್ನದೇ ಲೆಕ್ಕದಲ್ಲಿ ಎಡವಿದ್ದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡಬೇಕಾದ ಇಡಿಗಂಟು, ಕೇಳಿದ ದಿನ.

‘ಐದು ವರ್ಷ ಆಗಬೇಕಲ್ಲ ಮಾರಾಯರೇ’ ಎಂದರು ಸಾಹುಕಾರರು, ಎಲೆಗೆ ಸುಣ್ಣ ಸವರುತ್ತ.

ಸಾಹುಕಾರರದ್ದು ತಪ್ಪೆನ್ನುವಂತಿಲ್ಲ. 1972ರ ಕಾಯ್ದೆಯಿಂದಲೂ ಹಾಗೆಯೇ ಇದೆ. ಗ್ರಾಚ್ಯುಟಿ ಎಂಬ ಶಬ್ದದ ಬೇರಿನಲ್ಲಿ ಕೃತಜ್ಞತೆ ಇದೆಯಂತೆ. ಈ ಕೃತಜ್ಞತೆ ಮಾತ್ರ ಅಡಿಕೆ ಸಸಿಯ ಜಾತಿಯದು, ಐದು ವರ್ಷ ನೀರು ಹೊಯ್ದ ಮೇಲಷ್ಟೇ ಫಲ. ಅದಕ್ಕೂ ಮುಂಚೆ ಬಿಟ್ಟು ಹೋದವನ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾವನ ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಎನ್ನಿ. ಕಾಯ್ದೆ ಭಾನುವಾರಗಳನ್ನು ಬಿಟ್ಟು ತಿಂಗಳಿಗೆ 26 ದಿನ ಎಂದು ಹಿಡಿಯುತ್ತದೆ. ದುಡಿದ ಒಂದೊಂದು ವರ್ಷಕ್ಕೆ 15 ದಿನದ ವೇತನ, ಹಾಗಾಗಿ 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500. ಆರು ತಿಂಗಳು ದಾಟಿದ ತುಂಡು ವರ್ಷವನ್ನು ಇಡೀ ವರ್ಷವೆಂದೇ ಎಣಿಸಬೇಕು. ಎಂಥ ಧಾರಾಳ! ಐದು ವರ್ಷ ಏಳು ತಿಂಗಳಾದವನಿಗೆ ಆರು ವರ್ಷದ ಹಣ. ಅದೇ ನ್ಯಾಯದಲ್ಲಿ ಭಾವನಿಗೆ ಐದು ವರ್ಷದ 37,500 ಬರಬೇಕಲ್ಲವೇ? ಇಲ್ಲ. ಧಾರಾಳತನ ಕೂತಿರುವುದು ಐದನೇ ವರ್ಷದ ಹೊಸ್ತಿಲಿನ ಒಳಗಡೆ. ಹೊರಗೆ ನಿಂತವನ ಏಳು ತಿಂಗಳು ಸೊನ್ನೆ, ಅದರ ಹಿಂದಿನ ನಾಲ್ಕು ವರ್ಷವೂ ಸೊನ್ನೆ.

ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಐದು ವರ್ಷವಾದಂತೆಯೇ ಎಂದು ಮದ್ರಾಸ್ ಹೈಕೋರ್ಟ್ ಒಮ್ಮೆ ಹೇಳಿದ್ದುಂಟು. ಭಾವ ಬೆರಳು ಮಡಚಿ ಎಣಿಸಿದರು. ಏಳು ತಿಂಗಳೆಂದರೆ ಹೆಚ್ಚೆಂದರೆ 215 ದಿನ. ಇನ್ನೊಂದು ತಿಂಗಳು ಘಟ್ಟ ಹತ್ತಿಳಿದಿದ್ದರೆ ವಾದಿಸುವುದಕ್ಕಾದರೂ ಬಾಯಿರುತ್ತಿತ್ತು.

ಆದರೆ ಸತ್ತರೆ ಐದು ವರ್ಷದ ಕಟ್ಟು ಇಲ್ಲ. ವಾರಸುದಾರರ ಕೈಗೆ ಹಣ ಬರುತ್ತದೆ. ಇದನ್ನು ಕೇಳಿದ ಅಕ್ಕ ಗಂಡನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದಳು. ಭಾವ ಆ ಮಾತನ್ನು ಮತ್ತೆ ಎತ್ತಲಿಲ್ಲ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಬಂದವು. ನಿಗದಿತ ಅವಧಿಗೆಂದು ಸೇರಿದವನಿಗೆ ಇನ್ನು ಐದು ವರ್ಷದ ಕಾಯುವಿಕೆ ಇಲ್ಲ, ಒಂದು ವರ್ಷ ದುಡಿದು ಅವಧಿ ಮುಗಿದರೆ ಅಷ್ಟಕ್ಕೆ ತಕ್ಕ ಗ್ರಾಚ್ಯುಟಿ. ಒಳ್ಳೆಯದೇ ಆಯಿತು. ಆದರೆ ಕಾಯಂ ನೌಕರ ರಾಜೀನಾಮೆ ಕೊಟ್ಟರೆ ಹಳೆಯ ಐದೇ ವರ್ಷ. ಮಗ ಕಾಯಂ ಆಗಲಿ ಎಂದು ಮಾರಿಕಾಂಬೆಗೆ ಹರಕೆ ಹೊತ್ತ ತಾಯಂದಿರು ಇನ್ನು ಮುಂದೆ ತುಸು ವಿಚಾರಿಸಿ ಹೊರುವುದು ಕ್ಷೇಮ.

ಭಟ್ಕಳದಿಂದ ದುಬೈಗೆ ಹೋಗಿ ಎರಡೂವರೆ ವರ್ಷಕ್ಕೇ ಬಿಟ್ಟು ಬಂದ ಪರಿಚಯದವರೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. ಅಲ್ಲಿ 2022ರ ಫೆಬ್ರವರಿಯಲ್ಲಿ ಜಾರಿಯಾದ ಕಾನೂನಿನಂತೆ ಒಂದು ವರ್ಷ ತುಂಬಿದರೆ ಸಾಕು, ತಾನಾಗಿ ಬಿಟ್ಟರೂ ವರ್ಷಕ್ಕೆ 21 ದಿನದ ಮೂಲ ವೇತನ. ಅಷ್ಟು ದೂರ ಯಾಕೆ, ನಮ್ಮ ದಿಲ್ಲಿಯಲ್ಲೇ ಮಾಜಿ ಸಂಸದರಿಗೆ ಎಷ್ಟು ದಿನ ಕೂತಿದ್ದರೂ ಪಿಂಚಣಿ ಉಂಟು. ನಡುವೆ ರಾಜೀನಾಮೆ ಬಿಸಾಕಿ ಎದ್ದು ಬಂದರೂ ಉಂಟು. ಭಾವ ಚುನಾವಣೆಗೆ ನಿಲ್ಲಬೇಕಿತ್ತು, ಸುಮ್ಮನೆ ಬಿ.ಕಾಂ. ಮಾಡಿಕೊಂಡರು.

ಅಂಗಡಿ ಮುಂಗಟ್ಟಿನಲ್ಲಿ ಹತ್ತು ಜನರಿದ್ದರೆ ಮಾತ್ರ ಗ್ರಾಚ್ಯುಟಿ ಕಾನೂನು ಅನ್ವಯ ಎಂಬುದನ್ನು ನಮ್ಮ ಪೇಟೆ ಬಹಳ ಹಿಂದೆಯೇ ಕಲಿತಿದೆ. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು, ಹತ್ತನೆಯವನು ‘ನಮ್ಮ ಮನೆಯ ಹುಡುಗ’. ಆ ಹುಡುಗನಿಗೆ ಮೀಸೆ ನರೆತಿರುತ್ತದೆ.

ಬೀಳ್ಕೊಡುಗೆ ಮಾತ್ರ ಭರ್ಜರಿಯಾಗಿತ್ತು. ಶಾಲು, ಹಣ್ಣಿನ ಬುಟ್ಟಿ, ಎಲ್ಲರಿಗೂ ತೊಡೆದೇವು. ‘ಹತ್ತಿರಹತ್ತಿರ ಐದು ವರ್ಷ ನಮ್ಮ ಮನೆಯವರಂತೆ ಇದ್ದರು’ ಎನ್ನುವಾಗ ಸಾಹುಕಾರರ ಗಂಟಲು ಕಟ್ಟಿತು. ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಫಲಕ ಕೊಟ್ಟರು. ಬರೆಸಿದವರು ಯಾರೋ ಗೊತ್ತಿಲ್ಲ, ಹಿತ್ತಾಳೆಯ ಅಕ್ಷರಗಳಲ್ಲಿ ‘5 ವರ್ಷಗಳ ಸಾರ್ಥಕ ಸೇವೆಗಾಗಿ’ ಎಂದಿತ್ತು.

ಮರುದಿನ ಬೆಳಿಗ್ಗೆ ಭಾವ ಅದನ್ನು ಬಗಲಲ್ಲಿಟ್ಟುಕೊಂಡು ಜೆರಾಕ್ಸ್ ಅಂಗಡಿಗೆ ಹೋದರು. ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿಗೆ ಲಗತ್ತಿಸಲು ಎರಡು ಪ್ರತಿ ಬೇಕಿತ್ತು. ಅಂಗಡಿಯವನು ಫಲಕವನ್ನು ಗಾಜಿನ ಮೇಲೆ ಉದ್ದಕ್ಕೆ ಇಟ್ಟು ನೋಡಿದ, ಅಡ್ಡಕ್ಕೆ ಇಟ್ಟು ನೋಡಿದ. ಮುಚ್ಚಳ ಕೂರಲಿಲ್ಲ.