ಹಳೇ ಬಾಸ್ ಗಿಟಾರ್ ಆಂಪ್ ಮಾರೋ ಮುಂಚೆ ಒಂದು ಮಾತು

ಬಾಸ್ ಗಿಟಾರ್ ಸದ್ದು ಜೋರು ಮಾಡೋ ಆಂಪ್‌ಗಳ (ಆಂಪ್ಲಿಫೈಯರ್) ಬಗ್ಗೆ ನಿಮ್ಮ ಲೇಖನದಲ್ಲಿ "ಕಂಪನಿ ನಿಲ್ಲಿಸಿದ ಆಂಪ್ ಇದ್ದರೆ ಮಾರಿಬಿಡಿ, ಪಾರ್ಟ್ಸ್ ಸಿಗಲ್ಲ" ಅಂತ ಬರೆದಿದ್ದೀರಿ. ಅರ್ಧ ಸರಿ, ಅರ್ಧ ತಪ್ಪು. ನನ್ನ ಹತ್ತಿರ 80ರ ದಶಕದ ವಿನ್ಯಾಸದ ಗ್ಯಾಲಿಯನ್-ಕ್ರೂಗರ್ ಕಂಪನಿಯ 800ಆರ್‌ಬಿ ಬಾಸ್ ಆಂಪ್ ಇದೆ. ಕೆಳಗಿನ ಸ್ವರಗಳಿಗೆ 300 ವ್ಯಾಟ್, ಮೇಲಿನದಕ್ಕೆ ಬೇರೆಯೇ 100 ವ್ಯಾಟ್. ಈಗಿನ ಪುಟಾಣಿ ಕ್ಲಾಸ್-ಡಿ (ಕಡಿಮೆ ಬಿಸಿಯಾಗೋ ಹೊಸ ಬಗೆಯ ಸರ್ಕ್ಯೂಟ್‌ನ) ಆಂಪ್‌ಗಳು ಹಗುರ, ನಿಜ. ಆದರೆ ಅವುಗಳ ಒಳಗೆ ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳೇ ಜಾಸ್ತಿ, ಕೆಟ್ಟರೆ ಎಷ್ಟೋ ಸಲ ಇಡೀ ಬೋರ್ಡ್ ಬದಲಿಸಬೇಕು. ಹಳೇದರಲ್ಲಿ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಭಾಗ), ಪಾಟ್ (ನಾಬ್ ಹಿಂದಿನ ಭಾಗ), ಜ್ಯಾಕ್ (ಕೇಬಲ್ ಚುಚ್ಚೋ ಜಾಗ) ಇಂಥ ಸಾಮಾನ್ಯ ವಸ್ತುಗಳೇ ಜಾಸ್ತಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಲ್ಲಿ ಹುಡುಕಿದರೆ ಸಿಗುತ್ತವೆ.

ನನ್ನದು ಒಂದು ಸಲ ನುಡಿಸ್ತಾ ಇರುವಾಗಲೇ ಸದ್ದು ಬಿಟ್ಟು ಬಿಟ್ಟು ಬರೋಕೆ ಶುರುವಾಯಿತು. ರಿಪೇರಿಯವರೊಬ್ಬರು ಪವರ್ ಟ್ರಾನ್ಸಿಸ್ಟರ್ ಹೋಗಿದೆ ಅಂದರು. ನಾನು ಸುಮ್ನೆ ಆಂಪ್ ಹಿಂಬದಿಯ ಎಫೆಕ್ಟ್ಸ್ ಲೂಪ್‌ನಲ್ಲಿ (ಹೊರಗಿನ ಎಫೆಕ್ಟ್ ಪೆಡಲ್ ಜೋಡಿಸೋ ಎರಡು ಜ್ಯಾಕ್) ಸೆಂಡ್ ಜ್ಯಾಕ್‌ನಿಂದ ರಿಟರ್ನ್ ಜ್ಯಾಕ್‌ಗೆ ಒಂದು ಸಣ್ಣ ಕೇಬಲ್ ಹಾಕಿ ನೋಡಿದೆ, ಸರಿಹೋಯಿತು! ಜ್ಯಾಕಿನ ಒಳಗಿನ ಸಂಪರ್ಕಕ್ಕೆ ಕಿಲುಬು ಹಿಡಿದಿತ್ತು, ಅಷ್ಟೇ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪ್ಲಗ್ ಹತ್ತು ಸಲ ಹಾಕಿ ತೆಗೆದರೆ ಆಯಿತು. ಕರಕರ ಅನ್ನೋ ನಾಬ್‌ಗೂ ಅದೇ ಮದ್ದು.

ಅಮೆರಿಕದಿಂದ ತಂದ 120 ವೋಲ್ಟ್‌ನ ಆಂಪ್ ಆದರೆ ವೋಲ್ಟೇಜ್ ಇಳಿಸೋ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್‌ಗೆ ಹಾಕಲೇಬೇಡಿ, ಆ ಟ್ರಾನ್ಸ್‌ಫಾರ್ಮರನ್ನೂ ಸ್ವಲ್ಪ ಹೆಚ್ಚು ಸಾಮರ್ಥ್ಯದ್ದೇ ತಗೊಳ್ಳಿ. ಇನ್ನು ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಗೊತ್ತಿಲ್ಲದವರು ಮುಚ್ಚಳ ಬಿಚ್ಚಬಾರದು. ಲೇಖನದಲ್ಲಿ ಈ ಮಾತೇ ಇಲ್ಲವಲ್ಲ?