ಸರಾಸರಿ ನೋಡಿ ಬ್ಯಾಟರ್‌ನ ಸ್ಥಿರತೆ ಅಳೆಯಬೇಡಿ

ಇಬ್ಬರು ಬ್ಯಾಟರ್‌ಗಳ ಹತ್ತು ಇನ್ನಿಂಗ್ಸ್ ತಗೊಳ್ಳಿ. ಒಬ್ಬನದು 200, 0, 4, 150, 8, 11, 2, 20, 3, 2. ಇನ್ನೊಬ್ಬನದು 45, 38, 52, 31, 60, 27, 44, 36, 29, 38. ಹತ್ತೂ ಸಲ ಔಟಾಗಿದ್ದರೆ ಇಬ್ಬರದೂ 400 ರನ್, ಸರಾಸರಿ 40. ಮೊದಲನೆಯವನು ಎಂಟು ಸಲ 20 ದಾಟಲೇ ಇಲ್ಲ. ಆರಂಭಿಕನಾಗಿದ್ದರೆ ಅಷ್ಟೂ ಸಲ ಮೂರನೇ ಕ್ರಮಾಂಕದವನು ಹೊಸ ಚೆಂಡಿಗೇ ಇಳಿಯಬೇಕು. ಹಾಗಂತ ಎರಡನೆಯವನನ್ನೇ ಮೆಚ್ಚೋಕೂ ಆಗಲ್ಲ. ಪ್ರತಿ ಸಲ ಕಷ್ಟದ ಹೊತ್ತು ಕಳೆದು, ಪಿಚ್ ಅರ್ಥವಾದ ಮೇಲೆ ವಿಕೆಟ್ ಕೊಟ್ಟು ಬಂದಿದ್ದಾನೆ.

ಸ್ಥಿರತೆ ಅಂದರೆ ದಿನಾ ಅಷ್ಟೇ ರನ್ ಹೊಡೆಯೋದಲ್ಲ. ಆಸ್ಟ್ರೇಲಿಯಾದ ಬ್ರಾಡ್ಮನ್ 80 ಟೆಸ್ಟ್ ಇನ್ನಿಂಗ್ಸ್‌ನಲ್ಲಿ ಏಳು ಸಲ ಸೊನ್ನೆಗೆ ಔಟಾಗಿದ್ದಾರೆ. ಆದರೆ 50 ದಾಟಿದ 42 ಸಲದಲ್ಲಿ 29 ಸಲ ಶತಕ! ಬೇಗ ಔಟಾಗೋ ದಿನ ಯಾರಿಗೂ ತಪ್ಪಲ್ಲ. ಯಾವ ಚೆಂಡು ಆಡಬೇಕು, ಯಾವುದು ಬಿಡಬೇಕು ಅನ್ನೋ ತೀರ್ಮಾನ ದಿನಕ್ಕೊಂದು ಥರ ಇರಬಾರದು, ಅಷ್ಟೇ.

ಇದು ಗೊತ್ತಾಗೋದು ಮೊದಲ 30 ಎಸೆತಗಳಲ್ಲಿ. ಮಿಡಲ್ ಸ್ಟಂಪ್ ಗಾರ್ಡ್ (ಕ್ರೀಸ್‌ನಲ್ಲಿ ನಿಲ್ಲೋ ಜಾಗದ ಗುರುತು) ತಗೊಂಡು, ಬೌಲರ್ ಚೆಂಡು ಬಿಡೋ ಮುಂಚೆ ಹಿಂದಿನ ಕಾಲನ್ನು ಸ್ವಲ್ಪ ಹಿಂದಕ್ಕೆ, ಆಫ್ ಕಡೆಗೆ (ಬ್ಯಾಟರ್‌ನ ಎದೆ ಇರೋ ಬದಿಗೆ) ಸರಿಸಿದರೆ ಕಣ್ಣು ಹೆಚ್ಚುಕಡಿಮೆ ಆಫ್ ಸ್ಟಂಪ್ ನೇರಕ್ಕೆ ಬರುತ್ತೆ. ಕಣ್ಣಿನ ಗೆರೆಯಿಂದ ಆಚೆ ಇರೋ ಚೆಂಡು ಒಳಕ್ಕೆ ತಿರುಗದಿದ್ದರೆ ಸ್ಟಂಪ್‌ಗೆ ತಾಗಲ್ಲ, ಬಿಡಬಹುದು. ಕೆಡೋದು ಎಲ್ಲಿ? ಕಾಲು ಸರಿಸೋದು ತಡವಾದಾಗ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡ್ ಕೂಡ ಕೊಡಲ್ಲ. ಕಾಲು ಇನ್ನೂ ಗಾಳಿಯಲ್ಲಿದ್ದರೆ ತಲೆ ಆಫ್ ಕಡೆ ವಾಲುತ್ತೆ, ನೇರ ಚೆಂಡಿಗೆ ಬ್ಯಾಟ್ ಅಡ್ಡ ಬರುತ್ತೆ, ಚೆಂಡು ಕಾಲಿಗೆ ಬಡಿದು ಎಲ್‌ಬಿಡಬ್ಲ್ಯು.

ಒಂದು ಸಲ ಹಾಗೆ ಔಟಾದ ಕೂಡಲೇ ಗಾರ್ಡ್ ಬದಲಿಸೋದು ಅದಕ್ಕಿಂತ ದೊಡ್ಡ ತಪ್ಪು. ಮೂರು ಸ್ಟಂಪ್ ಸೇರಿ ಅಗಲ ಬರೀ 9 ಇಂಚು. ಗಾರ್ಡ್ ಎರಡು ಇಂಚು ಸರಿದರೂ ಕಣ್ಣಿಗೆ ರೂಢಿಯಾದ ಗೆರೆ ತಪ್ಪಿ, ಬಿಡಬೇಕಾದ ಚೆಂಡಿಗೆ ಬ್ಯಾಟ್ ಹೋಗುತ್ತೆ.

ಬದಲಾವಣೆ ಬೇಡ ಅಂತಲ್ಲ. ಕೊಹ್ಲಿ 2014ರ ಇಂಗ್ಲೆಂಡ್ ಟೆಸ್ಟ್ ಸರಣಿಯ ಹತ್ತು ಇನ್ನಿಂಗ್ಸ್‌ನಲ್ಲಿ ಗಳಿಸಿದ್ದು 134 ರನ್. ಇಂಗ್ಲೆಂಡ್ ವೇಗಿ ಆಂಡರ್ಸನ್‌ಗೇ ನಾಲ್ಕು ಸಲ ಔಟ್. 2018ರಲ್ಲಿ ಅಲ್ಲೇ 593 ರನ್, ಆಂಡರ್ಸನ್‌ಗೆ ಒಂದು ಸಲವೂ ವಿಕೆಟ್ ಕೊಡಲಿಲ್ಲ. ಇಡೀ ಸರಣಿಯಲ್ಲಿ ಮತ್ತೆ ಮತ್ತೆ ಕಂಡ ದೋಷ ತಿದ್ದೋದು ಬೇರೆ, ನಿನ್ನೆಯ ಒಂದು ಔಟ್‌ಗೆ ಹೆದರಿ ಎಲ್ಲ ಬದಲಿಸೋದು ಬೇರೆ.

ದ್ರಾವಿಡ್ ಟೆಸ್ಟ್‌ನಲ್ಲಿ 13,288 ರನ್‌ಗೆ ಎದುರಿಸಿದ್ದು 31,258 ಎಸೆತ. ಎಷ್ಟು ಚೆಂಡಿಗೆ ತೀರ್ಮಾನ ಕೆಡದೆ ನಿಂತರು ಅನ್ನೋದನ್ನ ರನ್ ಕಾಲಂಗಿಂತ ಈ ಎಸೆತಗಳ ಕಾಲಂ ನನಗೆ ಹೆಚ್ಚು ಹೇಳುತ್ತೆ. ಟಿ20ಯಲ್ಲಿ ಲೆಕ್ಕ ಬೇರೆ. ಅಲ್ಲಿ ದಿನಾ 30 ಎಸೆತಕ್ಕೆ 30 ಹೊಡೆಯೋದು ತಂಡಕ್ಕೆ ಹೊರೆ.

ಕಲಿಯೋ ಹುಡುಗರು, ಹುಡುಗಿಯರು ಒಂದು ನೋಟ್‌ಬುಕ್ ಇಡಿ. ಎದುರಿಸಿದ ಎಸೆತ, ಔಟಾದ ರೀತಿ, ಚೆಂಡಿನ ಲೈನ್ ಮತ್ತು ಲೆಂಗ್ತ್, ಆಡಲೇಬೇಕಿತ್ತಾ ಬಿಡಬಹುದಿತ್ತಾ. ಹತ್ತರಲ್ಲಿ ಆರೇಳು ಸಲ ಒಂದೇ ರೀತಿ ಔಟಾಗಿದ್ದರೆ ತಂತ್ರದಲ್ಲಿ ದೋಷ ಹುಡುಕಿ. ಹತ್ತೂ ಬೇರೆ ಬೇರೆಯಾಗಿದ್ದರೆ ಮೊದಲು ಹೊಡೆತದ ಆಯ್ಕೆ ನೋಡಿ. ನೆಟ್ಸ್‌ನಲ್ಲೂ ಮೊದಲ 24 ಎಸೆತ ಹೊಸ ಚೆಂಡಲ್ಲೇ ಹಾಕಿಸಿಕೊಳ್ಳಿ. ಔಟಾದರೆ ಪ್ಯಾಡ್ ಬಿಚ್ಚಿ ಹೊರಗೆ ಬನ್ನಿ, ಇನ್ನೊಂದು ಚಾನ್ಸ್ ಕೇಳಬೇಡಿ.