37ರ ಮೊಣಕಾಲು ಮತ್ತು ಮೆಣಸಿನಕಾಯಿ ಬಜ್ಜಿ

ನ್ಯೂಜೆರ್ಸಿಯ ಎಡಿಸನ್‌ನಿಂದ ಒಂದೇ ಕಾರಿನಲ್ಲಿ ಕಚೇರಿಗೆ ಹೋಗಿಬರುತ್ತಿದ್ದ ನಾವು ಮೂವರು ಕನ್ನಡಿಗರಲ್ಲಿ ಬಾಸ್ಕೆಟ್‌ಬಾಲ್ ಹುಚ್ಚು ಇಬ್ಬರಿಗಿತ್ತು. ಕಾರು ಓಡಿಸುವ ಕೆಲಸ ನನ್ನದಾಗಿತ್ತು.

ಹುಬ್ಬಳ್ಳಿಯವರು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ನೆಟ್ಸ್ ತಂಡದ ಕಡೆ. ಆ ತಂಡ ಇನ್ನೂ ನ್ಯೂಜೆರ್ಸಿಯಲ್ಲಿದ್ದಾಗ, 2009-10ರ ಋತುವಿನಲ್ಲಿ, 82 ಪಂದ್ಯ ಆಡಿ 12 ಗೆದ್ದು 70 ಸೋತಿತ್ತು. ಅಷ್ಟು ನಿಷ್ಠೆಯಿಂದ ಸೋಲುವ ತಂಡದ ಟಿಕೆಟ್ ಅಗ್ಗವಾಗಿ ಸಿಗುತ್ತದೆ. ಹುಬ್ಬಳ್ಳಿಯವರ ಅಭಿಮಾನ ಹುಟ್ಟಿದ್ದೇ ಆ ಅಗ್ಗದ ಟಿಕೆಟ್‌ನಿಂದ. 2012ರಲ್ಲಿ ತಂಡ ಗಂಟುಮೂಟೆ ಕಟ್ಟಿಕೊಂಡು ನದಿಯಾಚೆಯ ಬ್ರೂಕ್ಲಿನ್‌ಗೆ ಹೋಯಿತು, ಟಿಕೆಟ್ ತುಟ್ಟಿಯಾಯಿತು. ಅಷ್ಟರಲ್ಲಿ ಅಭಿಮಾನ ಬೇರೂರಿಬಿಟ್ಟಿತ್ತು. ದಾವಣಗೆರೆಯವರು ಅಮೆರಿಕಕ್ಕೆ ಬಂದು ಮೊದಲು ಇಳಿದದ್ದು ಬಾಸ್ಟನ್‌ನಲ್ಲಿ. 2008ರಲ್ಲಿ ಪಾಲ್ ಪಿಯರ್ಸ್, ಕೆವಿನ್ ಗಾರ್ನೆಟ್ ಇದ್ದ ಸೆಲ್ಟಿಕ್ಸ್ ತಂಡ ಕಪ್ ಗೆದ್ದ ರಾತ್ರಿ ಅವರು ಅಲ್ಲಿಯ ಬೀದಿಯಲ್ಲಿ ಕುಣಿದಿದ್ದರಂತೆ. ಅವರ ಶರೀರ ನೋಡಿದವರು ಇದನ್ನು ನಂಬುವುದು ಕಷ್ಟ. ಆದರೆ ಫೋಟೊ ಇದೆ.

2013ರ ಜೂನ್ 27, ಡ್ರಾಫ್ಟ್‌ನ ರಾತ್ರಿ. ಡ್ರಾಫ್ಟ್ ಎಂದರೆ ಕಾಲೇಜಿನಿಂದಲೂ ಹೊರದೇಶಗಳಿಂದಲೂ ಬರುವ ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಸಮಾರಂಭ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಸಾಮಾನ್ಯವಾಗಿ ಮೊದಮೊದಲ ಸರದಿ, ಗೆದ್ದವರಿಗೆ ಕೊನೆಕೊನೆಯ ಸರದಿ. ಇಷ್ಟು ನ್ಯಾಯವಾದ ವ್ಯವಸ್ಥೆಯನ್ನು ಮನುಷ್ಯ ಸುಮ್ಮನೆ ಬಿಡುತ್ತಾನೆಯೇ? ಮುಂದಿನ ವರ್ಷಗಳ ಸರದಿಯ ಹಕ್ಕನ್ನೇ ತಂಡಗಳು ಮಾರಿಕೊಳ್ಳುತ್ತವೆ. ಆ ವರ್ಷದ ಸಮಾರಂಭ ನಡೆದದ್ದು ನೆಟ್ಸ್‌ನ ಹೊಸ ಮನೆಯಾದ ಬ್ರೂಕ್ಲಿನ್ ಒಳಾಂಗಣದಲ್ಲೇ. ಅದನ್ನು ಟಿವಿಯಲ್ಲಿ ನೋಡಲು ಇಬ್ಬರೂ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಊರಿನಿಂದ ಬಂದಿದ್ದ ನನ್ನ ಮಾವನವರೂ ಸೋಫಾದ ಒಂದು ತುದಿಯಲ್ಲಿ ಆಸೀನರಾಗಿದ್ದರು. ದಾವಣಗೆರೆಯವರು, ಬಜ್ಜಿಯ ವಿಷಯದಲ್ಲಿ ತಾವು ಯಾರನ್ನೂ ನಂಬುವುದಿಲ್ಲವೆಂದು ಹೇಳಿ, ನನ್ನ ಹೆಂಡತಿಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ ಬಾಣಲೆಯ ಮುಂದೆ ನಿಂತರು.

ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದ್ದಾಗಲೇ ಟಿವಿಯಲ್ಲಿ ಸುದ್ದಿ ಬಂತು. ಬಾಸ್ಟನ್‌ನ ಗಾರ್ನೆಟ್, ಪಿಯರ್ಸ್ ಮತ್ತು ಜೇಸನ್ ಟೆರ‍್ರಿ ಬ್ರೂಕ್ಲಿನ್‌ಗೆ. ಬದಲಿಗೆ ಐದು ಮಂದಿ ಆಟಗಾರರು ಮತ್ತು ಮುಂದಿನ ವರ್ಷಗಳ ಡ್ರಾಫ್ಟ್‌ನ ಮೊದಲ ಸುತ್ತಿನ ಆಯ್ಕೆಯ ಹಕ್ಕುಗಳು. ಗಾರ್ನೆಟ್‌ಗೆ ಆಗ 37 ವರ್ಷ, ಉಳಿದಿಬ್ಬರಿಗೂ 35.

ಹುಬ್ಬಳ್ಳಿಯವರು ಕೂಗಿದ ಕೂಗಿಗೆ ತೊಟ್ಟಿಲಿನ ವಯಸ್ಸು ಮೀರಿದ್ದ ನಮ್ಮ ಮಗ ತೊಟ್ಟಿಲ ಮಗುವಿನಷ್ಟೇ ಅತ್ತ. ದಾವಣಗೆರೆಯವರು ಜಾಲರಿ ಸೌಟನ್ನು ಹಿಡಿದುಕೊಂಡೇ ಹಾಲಿಗೆ ಬಂದು ಟಿವಿಯ ಮುಂದೆ ನಿಂತರು. ಪಿಯರ್ಸ್ 15 ಋತುಗಳಿಂದ ಅದೇ ಹಸಿರು ಅಂಗಿಯಲ್ಲಿ ಆಡಿದವನು. ಅವನನ್ನು ಹೀಗೆ ಸಾಗಿಸಿಬಿಡುವುದೆಂದರೇನು, ಇವರಿಗೆ ತಂದೆತಾಯಿಗಳಿಲ್ಲವೇ, ಎಂದು ಕೇಳಿದರು. ಕಣ್ಣಲ್ಲಿ ನೀರು ಬಂದಿತ್ತು. ದುಃಖದಿಂದಲೇ ಬಂದದ್ದೆಂದು ನಾವು ಭಾವಿಸಿದೆವು. ಸ್ವಲ್ಪ ಹೊತ್ತಿನಲ್ಲಿ ನಮ್ಮೆಲ್ಲರ ಕಣ್ಣಲ್ಲೂ ನೀರು ಬಂತು, ಸೂರಿನ ಗಂಟೆ ಬಡಿದುಕೊಳ್ಳತೊಡಗಿತು. ಎಣ್ಣೆ ಹೊತ್ತಿ ಹೊಗೆ ಹಾಲನ್ನೆಲ್ಲ ತುಂಬಿತ್ತು. ನನ್ನ ಹೆಂಡತಿ ಒಲೆ ಆರಿಸಿ ಬಾಣಲೆಯ ಮೇಲೆ ತಟ್ಟೆ ಮುಚ್ಚುವ ಹೊತ್ತಿಗೆ ಇಡೀ ಕಟ್ಟಡದ ಗಂಟೆಗಳು ಒಂದಾದ ಮೇಲೊಂದು ಬಡಿದುಕೊಳ್ಳುತ್ತಿದ್ದವು.

ಮೂರು ಮಹಡಿಯ ಜನ ರಾತ್ರಿಯ ಉಡುಪಿನಲ್ಲಿ ಹುಲ್ಲುಹಾಸಿನ ಮೇಲೆ ನಿಂತರು. ಅಗ್ನಿಶಾಮಕ ದಳದ ವಾಹನ ಕೆಂಪು ದೀಪ ಸುತ್ತಿಸುತ್ತ ಬಂತು. ಶಿರಸ್ತ್ರಾಣ, ಕೊಡಲಿ, ಉಸಿರಾಟದ ಗಾಳಿಯ ಸಿಲಿಂಡರ್ ಎಲ್ಲ ಹೊತ್ತ ಆಜಾನುಬಾಹು ಕೆಳಗಿಳಿದು, ಏನಾಯಿತು ಎಂದು ಕೇಳಿದ. ನಾನು ಎಣ್ಣೆ, ಮೆಣಸಿನಕಾಯಿ, ಕಡಲೆಹಿಟ್ಟು ಎಂದು ವಿವರಿಸುವುದರೊಳಗೆ ಹುಬ್ಬಳ್ಳಿಯವರು ನಡುವೆ ನುಗ್ಗಿ ಗಾರ್ನೆಟ್ ನಮ್ಮ ತಂಡಕ್ಕೆ ಬಂದ ಸಂಗತಿ ತಿಳಿಸಿದರು. ಆತ ಶಿರಸ್ತ್ರಾಣ ತೆಗೆದು, ಅವನಿಗೀಗ 37 ಅಲ್ಲವೇ ಎಂದು ಕೇಳಿ, ಹೊಗೆಗಿಂತ ಹೆಚ್ಚು ಚಿಂತೆ ಅದಕ್ಕೇ ಪಟ್ಟವನಂತೆ ತಲೆಯಾಡಿಸಿ, ಮಹಡಿ ಹತ್ತಿಹೋದ. ಹುಬ್ಬಳ್ಳಿಯವರು ಆ ಹುಲ್ಲುಹಾಸಿನ ಮೇಲೆಯೇ ಧಾರವಾಡದ ಪೇಢೆ ಹಂಚಿದರು. ತಾಯಿ ಊರಿಂದ ಕಳಿಸಿದ್ದು, ಒಳ್ಳೆಯ ದಿನಕ್ಕೆಂದು ಕಾಪಾಡಿಕೊಂಡಿದ್ದರಂತೆ. ದಾವಣಗೆರೆಯವರು ಅಳುತ್ತಲೇ ಎರಡು ತಿಂದರು.

ಮರುದಿನದಿಂದ ಕಾರಿನಲ್ಲಿ ವಾದ ಶುರುವಾಯಿತು. ಹುಬ್ಬಳ್ಳಿಯವರ ಪ್ರಕಾರ ಅನುಭವಕ್ಕೆ ಬೆಲೆ ಕಟ್ಟಲಾಗದು. ಡೆರಾನ್ ವಿಲಿಯಮ್ಸ್, ಜೋ ಜಾನ್ಸನ್, ಬ್ರೂಕ್ ಲೋಪೆಜ್ ಇದ್ದ ತಂಡಕ್ಕೆ ಕೊರತೆಯಿದ್ದದ್ದು ಬೈದು ಬುದ್ಧಿ ಹೇಳುವ ಹಿರಿಯರದು ಮಾತ್ರ. ದಾವಣಗೆರೆಯವರ ಪ್ರಕಾರ ಬೈಯಲು ಹಿರಿಯರು ಬೇಕಾದರೆ ಊರಿನಿಂದ ಕರೆಸಿಕೊಳ್ಳಬಹುದು, ಅದಕ್ಕೆ ಇಷ್ಟು ಖರ್ಚಿಲ್ಲ. (ಈ ಮಾತು ಹೇಳುವಾಗ ಹಿಂದಿನ ಸೀಟಿನಲ್ಲಿ ನನ್ನ ಮಾವನವರು ಕುಳಿತಿರಲಿಲ್ಲ ಎಂಬುದು ನಮ್ಮ ಪುಣ್ಯ.) ಮೊಣಕಾಲಿನ ಸವೆತ, ಕಣಕಾಲಿನ ನೋವು, ಆಡದೆ ಕುಳಿತ ಪಂದ್ಯಗಳು ಎಲ್ಲ ಚರ್ಚೆಗೆ ಬಂದವು. ಇಬ್ಬರೂ ಸಂಜೆ ಕಾರಿನಿಂದ ಇಳಿಯುವಾಗ ತಮ್ಮ ಮೊಣಕಾಲನ್ನು ಹಿಡಿದುಕೊಂಡು ಇಳಿಯುತ್ತಿದ್ದರು. ಆದರೆ ಪರಕೀಯನ ಮೊಣಕಾಲಿನ ಬಗೆಗಿದ್ದ ಕಳವಳ ಅವರಿಗೆ ತಮ್ಮದರ ಬಗೆಗೆ ಇದ್ದಂತೆ ಕಾಣಲಿಲ್ಲ.

ನಿಜವಾದ ಪ್ರಶ್ನೆ ಕೇಳಿದ್ದು ಮಾವನವರು. ಸಾಗರದ ಬಳಿಯ ಸಹಕಾರಿ ಸಂಘವೊಂದರಲ್ಲಿ ಜೀವಮಾನವಿಡೀ ಸಾಲದ ಅರ್ಜಿ ಓದಿದವರು. ಜುಲೈನಲ್ಲಿ ವ್ಯವಹಾರ ಅಧಿಕೃತವಾದ ಮೇಲೆ ಒಂದು ಭಾನುವಾರ ಕಾಫಿ ಕುಡಿಯುತ್ತ, "ಅದಿರಲಿ, ಕೊಟ್ಟದ್ದೇನು?" ಎಂದರು.

"2014, 2016, 2018ರ ಆಯ್ಕೆಗಳು. 2017ರಲ್ಲಿ ಅದಲುಬದಲಿನ ಹಕ್ಕು. ಇಬ್ಬರ ಸರದಿಗಳಲ್ಲಿ ಯಾವುದು ಮುಂದಿದೆಯೋ ಅದನ್ನು ಬಾಸ್ಟನ್ ಎತ್ತಿಕೊಳ್ಳಬಹುದು" ಎಂದರು ದಾವಣಗೆರೆಯವರು.

"ವರ್ಷ ಬಿಟ್ಟು ವರ್ಷ ಏಕೆ?"

1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕನಾಗಿದ್ದ ಟೆಡ್ ಸ್ಟೆಪಿಯನ್ ತನ್ನ ತಂಡದ ಆಯ್ಕೆಗಳನ್ನು ಕೈಗೆ ಬಂದಂತೆ ಹಂಚಿಬಿಟ್ಟಿದ್ದ. ಅವನ ದೆಸೆಯಿಂದ, ಮುಂದೆ ಬರುವ ಎರಡು ವರ್ಷ ಒಟ್ಟೊಟ್ಟಿಗೆ ಮೊದಲ ಸುತ್ತಿನ ಆಯ್ಕೆಯಿಲ್ಲದೆ ಯಾವ ತಂಡವೂ ಉಳಿಯಬಾರದೆಂಬ ನಿಯಮ ಬಂತು. ಅದಲುಬದಲು ಮಾಡಿದರೆ ಒಂದು ಆಯ್ಕೆ ಹೇಗೂ ಕೈಯಲ್ಲಿ ಉಳಿಯುತ್ತದಲ್ಲ, ಹಾಗಾಗಿ ಅದಕ್ಕೆ ಅಡ್ಡಿಯಿಲ್ಲ. ಇದನ್ನೆಲ್ಲ ಕೇಳಿ ಮಾವನವರ ಮುಖ ಅರಳಿತು. "ನಮ್ಮ ಸಂಘದಲ್ಲೂ ಇಂಥ ಸದಸ್ಯರಿದ್ದರು. ನಿಯಮ ಮುರಿಯುತ್ತಿರಲಿಲ್ಲ, ಬಳಸಿಕೊಂಡು ಬರುತ್ತಿದ್ದರು. ಇದು ಅಡಿಕೆ ತೋಟವನ್ನು ಐದು ವರ್ಷಕ್ಕೆ ಚೇಣಿಗೆ ಕೊಟ್ಟಂತಾಯಿತು. ಇವರು ಈ ವರ್ಷದ ಹಬ್ಬ ಮಾಡುತ್ತಾರೆ, ಅಡಿಕೆ ಗೊನೆ ಇಳಿಸುವವನು ಅವನು." ಆಮೇಲೆ ಹುಬ್ಬಳ್ಳಿಯವರ ಕಡೆ ತಿರುಗಿ, "2017ರಲ್ಲಿ ನಿಮ್ಮ ತಂಡ ಚೆನ್ನಾಗಿರುತ್ತದೆಯೇ?" ಎಂದು ಕೇಳಿದರು.

"2017 ಯಾರಿಗೆ ಬೇಕು ಬಿಡಿ ಸರ್. ಮಾಲೀಕರು ಐದು ವರ್ಷದಲ್ಲಿ ಕಪ್ ಎಂದು ಮಾತು ಕೊಟ್ಟಿದ್ದಾರೆ" ಎಂದರು ಹುಬ್ಬಳ್ಳಿಯವರು. ರಷ್ಯದ ಕೋಟ್ಯಧಿಪತಿ ಮಿಖಾಯಿಲ್ ಪ್ರೊಖೊರೊವ್ 2010ರಲ್ಲಿ ತಂಡವನ್ನು ಕೊಂಡಾಗ ಹಾಗೆ ಹೇಳಿದ್ದು ನಿಜ. 2013-14ರ ಒಂದು ಋತುವಿಗೆ ಆತ ವೇತನ ಮಿತಿ ಮೀರಿದ ತೆರಿಗೆಯೆಂದೇ ಸುಮಾರು 9 ಕೋಟಿ ಡಾಲರ್ ಕಟ್ಟಿದ. ಮಾವನವರು ಆ ಮೊತ್ತವನ್ನು ರೂಪಾಯಿಗೆ ತಿರುಗಿಸಲು ಹೊರಟು, ಅರ್ಧದಲ್ಲಿ ಪೆನ್ನು ಕೆಳಗಿಟ್ಟರು.

ಋತು ಆರಂಭವಾಯಿತು, ನೆಟ್ಸ್ ಸೋಲತೊಡಗಿತು. ಹೊಸ ತರಬೇತುದಾರ ಜೇಸನ್ ಕಿಡ್ ಹಿಂದಿನ ಋತುವಿನವರೆಗೆ ಆಟಗಾರನಾಗಿದ್ದವನು. ನವೆಂಬರ್ 27ರಂದು ಲೇಕರ್ಸ್ ವಿರುದ್ಧ ಕೊನೆಯ ಸೆಕೆಂಡುಗಳಲ್ಲಿ ಅವನ ಬಳಿ ಟೈಮ್‌ಔಟ್, ಎಂದರೆ ಆಟ ನಿಲ್ಲಿಸಿ ತಂಡದೊಡನೆ ಮಾತಾಡುವ ಅವಕಾಶ, ಉಳಿದಿರಲಿಲ್ಲ. ಕೈಯಲ್ಲಿ ತಂಪು ಪಾನೀಯದ ಲೋಟವಿತ್ತು. ತನ್ನದೇ ಆಟಗಾರನಿಗೆ ಡಿಕ್ಕಿ ಹೊಡೆಯುವಂತೆ ಹೇಳಿ, ಡಿಕ್ಕಿಯ ನೆಪದಲ್ಲಿ ಲೋಟವನ್ನು ಅಂಗಣದ ಮೇಲೆ ಚೆಲ್ಲಿದ. ನೆಲ ಒರೆಸುವಷ್ಟು ಹೊತ್ತು ಆಟ ನಿಂತಿತು, ತಂಡಕ್ಕೆ ಉಪಾಯ ಹೇಳಿಕೊಡಲು ಸಮಯ ಸಿಕ್ಕಿತು. ಅಂಗೈ ಬೆವರಿತ್ತೆಂದು ಮೊದಲು ಸಬೂಬು ಹೇಳಿದ. ಲೀಗ್ 50,000 ಡಾಲರ್ ದಂಡ ಹಾಕಿತು. ಪಂದ್ಯ ಹೇಗೂ ಸೋತಿತು.

ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ಸೋಮವಾರದ ಸಂಜೆ ನಾವು ಟರ್ನ್‌ಪೈಕ್ ಹೆದ್ದಾರಿಯಲ್ಲಿ ಮನೆಗೆ ಮರಳುತ್ತಿದ್ದೆವು. ದಾವಣಗೆರೆಯವರು ಇದನ್ನು ಮೋಸವೆಂದರು. ಹುಬ್ಬಳ್ಳಿಯವರು ಅದು ಆಕಸ್ಮಿಕವೇ ಹೌದು, ಕೈ ತುಸು ತಾಗಿದರೂ ಲೋಟ ಹೀಗೆ ವಾಲುತ್ತದೆ ಎಂದು, ತಮ್ಮ ಕೈಯಲ್ಲಿದ್ದ ಬಿಸಿ ಕಾಫಿಯ ಲೋಟವನ್ನು ಎತ್ತಿ, ಡಿಕ್ಕಿ ಹೊಡೆಯುವಂತೆ ದಾವಣಗೆರೆಯವರನ್ನೇ ಆಹ್ವಾನಿಸಿದರು. ದಾವಣಗೆರೆಯವರು ಯಾವುದನ್ನೂ ಅರೆಮನಸ್ಸಿನಿಂದ ಮಾಡುವವರಲ್ಲ. ಕಾಫಿಯ ಒಂದು ಪಾಲು ಅವರ ಪ್ಯಾಂಟಿನ ಮೇಲೆ, ಒಂದು ಪಾಲು ನನ್ನ ಕುತ್ತಿಗೆಯ ಮೇಲೆ, ಉಳಿದದ್ದು ಗೇರಿನ ಸಂದಿಯೊಳಗೆ ಹೋಯಿತು. ಆ ಗದ್ದಲದಲ್ಲಿ ಎಡಿಸನ್‌ಗೆ ಇಳಿಯುವ 10ನೆಯ ತಿರುವು ಹಿಂದೆ ಸರಿದುಹೋಗಿ, ನಾವು 9ನೆಯದರಲ್ಲಿ ಇಳಿದು ಸುತ್ತಿಕೊಂಡು ಬಂದೆವು. ಕಾರು ಸ್ವಚ್ಛ ಮಾಡಿಸಿದ ಖರ್ಚನ್ನು ಯಾರು ಕೊಡಬೇಕೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅದು ಆಕಸ್ಮಿಕವೆಂದು ಒಬ್ಬರು, ಪೂರ್ವಯೋಜಿತವೆಂದು ಇನ್ನೊಬ್ಬರು.

ನ್ಯಾಯವಾಗಿ ಹೇಳಬೇಕೆಂದರೆ ಆ ಮುದುಕರು ಪೂರ್ತಿ ಕೈಕೊಡಲಿಲ್ಲ. 10 ಗೆದ್ದು 21 ಸೋತಿದ್ದ ತಂಡ ಚೇತರಿಸಿಕೊಂಡು ಪ್ಲೇಆಫ್ ತಲುಪಿತು. ಮೊದಲ ಸುತ್ತಿನ ಏಳನೆಯ ಪಂದ್ಯದಲ್ಲಿ, ಟೊರಾಂಟೊದಲ್ಲಿ, ಕಟ್ಟಕಡೆಯ ಎಸೆತಕ್ಕೆ ಪಿಯರ್ಸ್ ಕೈ ಅಡ್ಡ ಹಾಕಿ 104-103ರಿಂದ ಗೆಲ್ಲಿಸಿಕೊಟ್ಟ. ಅಂದು ಹುಬ್ಬಳ್ಳಿಯವರಷ್ಟೇ ದಾವಣಗೆರೆಯವರೂ ಕುಣಿದರು. ನಮ್ಮ ಪಿಯರ್ಸ್ ಎಂದು ಇಬ್ಬರೂ ಹೇಳಿಕೊಂಡರು. ಮುಂದಿನ ಸುತ್ತಿನಲ್ಲಿ ಮಯಾಮಿ ಐದೇ ಪಂದ್ಯಗಳಲ್ಲಿ ಮನೆಗೆ ಕಳಿಸಿತು. ಆ ಬೇಸಿಗೆಯಲ್ಲಿ ಪಿಯರ್ಸ್ ವಾಷಿಂಗ್ಟನ್‌ಗೆ ಹೊರಟ, ಮರುವರ್ಷ ಗಾರ್ನೆಟ್ ಮಿನೆಸೋಟಾಕ್ಕೆ. ಗಾರ್ನೆಟ್‌ನ 2ನೆಯ ಸಂಖ್ಯೆಯ ಕಪ್ಪು ಅಂಗಿಗೆ ಹುಬ್ಬಳ್ಳಿಯವರು ಕೊಟ್ಟ ಹಣ ಎಷ್ಟೆಂದು ಅವರ ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಬಿಲ್ಲು ಬಂದದ್ದು ಆಮೇಲೆ. 2015-16ರಲ್ಲಿ ನೆಟ್ಸ್ 21 ಪಂದ್ಯ ಗೆದ್ದಿತು, ಮರುವರ್ಷ 20. ಸಾಮಾನ್ಯವಾಗಿ ಇಷ್ಟು ಸೋತವರಿಗೆ ಒಳ್ಳೆಯ ಹುಡುಗನಾದರೂ ಸಿಗುತ್ತಾನೆ. ಇವರು ಸೋತಷ್ಟೂ ಬಾಸ್ಟನ್‌ಗೆ ಒಳ್ಳೆಯ ಹುಡುಗರು ಸಿಕ್ಕರು. 2016ರಲ್ಲಿ ಜೇಲನ್ ಬ್ರೌನ್. 2017ರ ಅದಲುಬದಲಿನಲ್ಲಿ ಕೈಗೆ ಬಂದದ್ದು ಮೊಟ್ಟಮೊದಲ ಸರದಿ. ಬಾಸ್ಟನ್ ಅದನ್ನೂ ಫಿಲಡೆಲ್ಫಿಯಾಗೆ ಕೊಟ್ಟು, ಮೂರನೆಯ ಸರದಿಗೆ ಇಳಿದು, ಜೇಸನ್ ಟೇಟಮ್‌ನನ್ನು ಆರಿಸಿಕೊಂಡಿತು. ಮೇಲೆ ಇನ್ನೊಂದು ಆಯ್ಕೆಯನ್ನೂ ಪಡೆಯಿತು. ನಾವು ಕಾರಿನಲ್ಲಿ ಕುಳಿತು ಮುದುಕರ ಮೊಣಕಾಲು ಎಣಿಸುತ್ತಿದ್ದ ಆ ಜೂನ್‌ನಲ್ಲಿ ಬ್ರೌನ್ 16 ವರ್ಷದವನು, ಟೇಟಮ್ 15. ಮಾರಾಟವಾಗಿದ್ದವರು ಶಾಲೆಯ ಚೀಲ ಹೊತ್ತ ಇವರಿಬ್ಬರು. 2024ರಲ್ಲಿ ಈ ಇಬ್ಬರೇ ಬಾಸ್ಟನ್‌ಗೆ 18ನೆಯ ಕಪ್ ತಂದರು. ಹಾಗಾಗಿ ಅಂದು ಹುಲ್ಲುಹಾಸಿನ ಮೇಲೆ ಅಳಬೇಕಾಗಿದ್ದವರು ಪೇಢೆ ಹಂಚಿದ್ದರು, ಹಂಚಬೇಕಾಗಿದ್ದವರು ಅತ್ತಿದ್ದರು. ದಾವಣಗೆರೆಯವರು ಈಗ ತಾವು ಅತ್ತದ್ದು ಹೊಗೆಯಿಂದ ಎನ್ನುತ್ತಾರೆ.

ಈ ನಡುವೆ ಹುಬ್ಬಳ್ಳಿಯವರಿಗೂ ಒಂದು ದಿನ ಬಂತು. 2023ರ ಫೆಬ್ರವರಿಯ ಒಂದು ಮಧ್ಯರಾತ್ರಿ ಕಳೆದ ಮೇಲೆ ನನ್ನ ಫೋನ್ ಬಡಿದುಕೊಂಡಿತು. ಅಷ್ಟು ಹೊತ್ತಿಗೆ ಊರಿನಿಂದ ಫೋನ್ ಬಂದರೆ ಎದೆ ಹಾರುತ್ತದೆ. ಕತ್ತಲಲ್ಲಿ ಕನ್ನಡಕ ಹುಡುಕಲು ಹೋಗಿ ನೀರಿನ ಚೊಂಬನ್ನು ಉರುಳಿಸಿ, ಹೆಂಡತಿಯನ್ನು ಎಬ್ಬಿಸಿ, ಫೋನ್ ಎತ್ತಿದರೆ ಹುಬ್ಬಳ್ಳಿಯವರು. "ರೀ, ನಾವು ಡುರಾಂಟ್‌ನನ್ನು ಮಾರಿದೆವು!" 34 ವರ್ಷದ ಕೆವಿನ್ ಡುರಾಂಟ್ ಫೀನಿಕ್ಸ್‌ಗೆ ಹೋದ. ಹಿಮ್ಮಡಿಯ ಸ್ನಾಯುರಜ್ಜು ಹರಿದು ಒಂದಿಡೀ ಋತು ಆಟ ತಪ್ಪಿಸಿಕೊಂಡಿದ್ದ ಅವನಿಗೆ ಬದಲಾಗಿ ಮಿಕಾಲ್ ಬ್ರಿಡ್ಜಸ್, ಕ್ಯಾಮರನ್ ಜಾನ್ಸನ್ ಮೊದಲಾದವರ ಜೊತೆಗೆ 2023, 2025, 2027, 2029ರ ಮೊದಲ ಸುತ್ತಿನ ಆಯ್ಕೆಗಳು ನೆಟ್ಸ್‌ಗೆ. ಈ ಸಲ ತೋಟ ಫೀನಿಕ್ಸ್‌ನವರದು.

ಆ ಶನಿವಾರ ಇಬ್ಬರೂ ನಮ್ಮ ಮನೆಯಲ್ಲಿದ್ದರು. ಬಜ್ಜಿಯನ್ನು ನನ್ನ ಹೆಂಡತಿ ಅಂಗಡಿಯಿಂದ ತರಿಸಿದ್ದಳು. ದಾವಣಗೆರೆಯವರು ಡುರಾಂಟ್ ಇನ್ನೂ ಐದು ವರ್ಷ ಆಡುತ್ತಾನೆ, ಫೀನಿಕ್ಸ್ ಮಾಡಿದ್ದೇ ಸರಿ ಎಂದು ವಾದಿಸುತ್ತಿದ್ದರು. ಹುಬ್ಬಳ್ಳಿಯವರು ಕೇಳಿಸಿಕೊಳ್ಳುತ್ತಿರಲಿಲ್ಲ, ಬೆರಳು ಮಡಿಸುತ್ತಿದ್ದರು.

"2029ರಲ್ಲಿ ಬರುವ ಹುಡುಗನಿಗೆ ಆಗ 19 ಎಂದಿಟ್ಟುಕೊಳ್ಳಿ. ಈಗ ಎಷ್ಟು?"

"13" ಎಂದೆ.

"ಎಂದರೆ ಏಳನೆಯ ತರಗತಿ. ಈಗ ಎಲ್ಲೋ ಒಂದು ಮನೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಾನೆ."

ಅದೇ ಹೊತ್ತಿಗೆ ನಮ್ಮ ಏಳನೆಯ ತರಗತಿಯ ಮಗ ಹೋಮ್‌ವರ್ಕ್ ಬಿಟ್ಟು ಬಜ್ಜಿಗಾಗಿ ಹಾಲಿಗೆ ಬಂದ. ಬೆಳೆಯುವ ವಿಷಯದಲ್ಲಿ ಅವನು ತಾಯಿಯ ಕಡೆಯವರನ್ನು ಹೋಲುತ್ತಾನೆ, ಅವರ ಪೈಕಿ ಐದೂವರೆ ಅಡಿ ದಾಟಿದವರಿಲ್ಲ. ಆದರೂ ಹುಬ್ಬಳ್ಳಿಯವರು ಎದ್ದು ಹೋಗಿ ಅವನ ಅಂಗೈಯನ್ನು ಬಿಡಿಸಿ, ತಮ್ಮ ಅಂಗೈಯ ಪಕ್ಕದಲ್ಲಿಟ್ಟು ನೋಡಿದರು. ದಾವಣಗೆರೆಯವರು ತಮ್ಮ ತಟ್ಟೆಯಲ್ಲಿ ಉಳಿದಿದ್ದ ಬಜ್ಜಿಗಳನ್ನೆಲ್ಲ ಹುಡುಗನ ತಟ್ಟೆಗೆ ಹಾಕಿ, "ಹಾಲು ಕುಡಿಯುತ್ತಾನಾ?" ಎಂದು ನನ್ನ ಹೆಂಡತಿಯನ್ನು ಕೇಳಿದರು.